ಬೆರಳ ಬಿಗಿ, ಆಮೇಲೆ ಅರ್ಧ ಸುತ್ತು

ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ಗಾಲಿಯನ್ನು ಅಚ್ಚಿಗೆ ಕೂರಿಸುವ ಕ್ರಮ ಸರಳವಾದದ್ದು. ಗಾಲಿಯ ನಡುವಿನ ತೂತನ್ನು ಅಚ್ಚಿನ ದಪ್ಪಕ್ಕಿಂತ ಬೇಕೆಂದೇ ಕೂದಲೆಳೆಯಷ್ಟು ಕಿರಿದಾಗಿ ಕೊರೆಯುತ್ತಾರೆ. ಆಮೇಲೆ ಭಾರೀ ಪ್ರೆಸ್ಸಿನಲ್ಲಿಟ್ಟು ಒಂದರೊಳಕ್ಕೆ ಒಂದನ್ನು ದಬ್ಬುತ್ತಾರೆ. ಬೋಲ್ಟಿಲ್ಲ, ಬೆಸುಗೆಯಿಲ್ಲ. ಲೋಹವನ್ನು ಲೋಹವೇ ಅಮುಕಿ ಹಿಡಿದುಕೊಳ್ಳುತ್ತದೆ. 1984ರಲ್ಲಿ ಶುರುವಾದ ಆ ಕಾರ್ಖಾನೆಯಿಂದ ಹೊರಟ ಜೋಡಿಗಾಲಿಗಳು ದೇಶದ ಉದ್ದಗಲಕ್ಕೂ ಈ ಅಮುಕಿನ ಬಲದ ಮೇಲೇ ಓಡುತ್ತಿವೆ. ಗಾಲಿ ಸವೆದು ಮುಗಿಯುವ ತನಕ ಅಲ್ಲಿ ಬಿಡುವ ಮಾತಿಲ್ಲ. ಬಿಡಿಸಲೇಬೇಕಾದಾಗಲೂ ಅದು ಕೈಯಿಂದ ಆಗುವ ಕೆಲಸವಲ್ಲ, ಮತ್ತೆ ಅಂಥದೇ ಪ್ರೆಸ್ಸು ಬೇಕು.

ಅಂಗಿಯ ಗುಂಡಿ, ಬಾಗಿಲ ಚಿಲಕ ಇವೆಲ್ಲ ಇನ್ನೊಂದು ತುದಿ. ದಿನಕ್ಕೆ ಎಷ್ಟು ಸಲ ಬೇಕಾದರೂ ಹಾಕಬಹುದು, ತೆಗೆಯಬಹುದು. ಅವುಗಳ ಮೇಲೆ ಬೀಳುವ ಭಾರವೂ ಅಷ್ಟಕ್ಕಷ್ಟೆ.

ಈ ಎರಡರ ನಡುವೆ ಇನ್ನೊಂದು ಜಾತಿ ಇದೆ. ಅದು ರೈಲು ಗಾಲಿಯಷ್ಟೇ ನಂಬಿಕೆಯಿಂದ ಹಿಡಿದಿರಬೇಕು. ಬಿಡು ಎಂದ ದಿನ ಒಬ್ಬ ಮನುಷ್ಯನ ಒಂದು ಕೈಗೆ ಬಿಟ್ಟುಬರಬೇಕು. ಕಾರಿನ ಸ್ಪಾರ್ಕ್ ಪ್ಲಗ್ಗು ಆ ಜಾತಿಯದು. ಅದು ಬರಲೊಲ್ಲೆ ಎಂದು ಕಚ್ಚಿಕೊಂಡು ಕೂತಾಗ ಮತ್ತೀಕೆರೆಯಿಂದ ಕೊಡಿಗೇಹಳ್ಳಿವರೆಗಿನ ಅಡ್ಡರಸ್ತೆಗಳ ಗ್ಯಾರೇಜುಗಳಲ್ಲಿ ಏನು ನಡೆಯುತ್ತದೆಂದು ನೋಡುತ್ತ ನಿಂತವರಿಗೆ, ಅಂಟಿಕೊಳ್ಳುವುದು, ಬಿಡುವುದು ಎಂಬ ನಮ್ಮ ಹಳೆಯ ವೇದಾಂತದ ಮಾತುಗಳನ್ನು ಇನ್ನೊಮ್ಮೆ ತಿರುವಿ ನೋಡಬೇಕೆನಿಸುತ್ತದೆ.

ಪ್ಲಗ್ಗು ಇರುವ ಜಾಗ ಎಂಥದೆಂಬುದನ್ನು ಮೊದಲು ಹೇಳಬೇಕು. ಎಂಜಿನ್ನಿನ ಹೆಡ್ಡಿನಲ್ಲಿ ಕೊರೆದ ಥ್ರೆಡ್ಡಿಗೆ ಅದನ್ನು ತಿರುಗಿಸಿ ಕೂರಿಸಿರುತ್ತಾರೆ. ಬಹಳ ಕಾಲ 14 ಮಿಲಿಮೀಟರಿನ ಥ್ರೆಡ್ಡೇ ರೂಢಿಯಲ್ಲಿತ್ತು. ಈಗ 12, 10ಕ್ಕೂ ಇಳಿದಿದೆ. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ಲು ಇಪ್ಪತ್ತು, ಮೂವತ್ತು ಸಾವಿರಕ್ಕೆ ಏರಿಸಿ ಕಳಿಸುತ್ತದೆ. ಪ್ಲಗ್ಗಿನ ತುದಿಯಲ್ಲಿ ಮಿಲಿಮೀಟರಿನ ಆಸುಪಾಸಿನ ಒಂದು ಸಂದು. ಅಲ್ಲಿ ಕಿಡಿ ಹಾರುತ್ತದೆ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಒಂದೊಂದು ಪ್ಲಗ್ಗೂ ಸೆಕೆಂಡಿಗೆ 25 ಸಲ ಕಿಡಿ ಕೊಡಬೇಕು. ಪ್ರತಿ ಕಿಡಿಯ ಹಿಂದೆಯೇ 2000 ಡಿಗ್ರಿ ದಾಟುವ ಬೆಂಕಿ. ಭಾರ ಹೆಚ್ಚಿದಾಗ ಹೊರಗಿನ ಗಾಳಿಯ ಐವತ್ತು ಪಟ್ಟು ಒತ್ತಡ. ಆ ಒತ್ತಡವೆಲ್ಲ ಪ್ಲಗ್ಗನ್ನು ಹೊರಕ್ಕೆ ನೂಕುತ್ತಿರುತ್ತದೆ, ಹತ್ತಾರು ಸುತ್ತಿನ ಥ್ರೆಡ್ಡು ತಡೆದು ನಿಲ್ಲಿಸಿರುತ್ತದೆ.

ಇಷ್ಟು ಬೆಂಕಿಯಲ್ಲಿದ್ದೂ ಪ್ಲಗ್ಗು ಕರಗದೆ ಉಳಿಯುವುದು ಹೇಗೆ? ತನಗೆ ಬಂದ ಕಾವಿನ ದೊಡ್ಡ ಪಾಲನ್ನು ಅದು ಥ್ರೆಡ್ಡಿನ ಮೂಲಕ, ಬುಡದ ವಾಷರಿನ ಮೂಲಕ ಹೆಡ್ಡಿಗೆ ದಾಟಿಸಿಬಿಡುತ್ತದೆ. ಹೆಡ್ಡಿನೊಳಗೆ ಓಡುವ ನೀರು ಅದನ್ನು ಒಯ್ಯುತ್ತದೆ. ಅಂದರೆ ಪ್ಲಗ್ಗನ್ನು ತಣ್ಣಗಿಡುವುದು ಅದರ ಬಿಗಿಯೇ. ಸಡಿಲವಾಗಿ ಕೂತ ಪ್ಲಗ್ಗು ಕಾವನ್ನು ಯಾರಿಗೂ ದಾಟಿಸಲಾರದೆ ತಾನೇ ಕೆಂಪಗೆ ಕಾದು, ಕಿಡಿಯ ಸಮಯಕ್ಕೆ ಮೊದಲೇ ಪೆಟ್ರೋಲಿಗೆ ಬೆಂಕಿ ಹಚ್ಚಿ, ಕೊನೆಗೆ ಪಿಸ್ಟನ್ನಿಗೂ ಕುತ್ತು ತರುತ್ತದೆ.

ಅಂಟದೆ ಬದುಕುವುದಕ್ಕೆ ನಮ್ಮಲ್ಲೊಂದು ಸಿದ್ಧ ಉಪಮೆ ಉಂಟು: ತಾವರೆ ಎಲೆಯ ಮೇಲಿನ ನೀರು. ಹರಿಕಥೆಯಿಂದ ಹಿಡಿದು ನಿವೃತ್ತಿಯ ಬೀಳ್ಕೊಡುಗೆ ಭಾಷಣದವರೆಗೆ ಎಲ್ಲ ಕಡೆ ಅದೇ ಎಲೆ, ಅದೇ ನೀರು. ನನಗೆ ಆ ಉಪಮೆಯ ಮೇಲೆ ಯಾವತ್ತೂ ಪೂರ್ತಿ ನಂಬಿಕೆ ಬಂದಿಲ್ಲ. ನೀರಿಗೆ ಆ ಎಲೆಯ ಮೇಲೆ ಮಾಡಬೇಕಾದ ಕೆಲಸ ಏನಿದೆ? ಎಲೆಗೂ ಆ ನೀರಿನಿಂದ ಆಗಬೇಕಾದ್ದು ಏನೂ ಇಲ್ಲ. ಒಂದರಿಂದ ಇನ್ನೊಂದಕ್ಕೆ ಏನೂ ಬೇಕಿಲ್ಲದಿರುವಾಗ ಅಂಟದೆ ಇರುವುದರಲ್ಲಿ ಹೆಚ್ಚುಗಾರಿಕೆ ಯಾವುದು? ಹೊಣೆ ಹೊತ್ತವರ ಬದುಕು ಹಾಗಿರುವುದಿಲ್ಲ. ಮಗು ಸಾಕುವವರು, ಶಾಲೆ ನಡೆಸುವವರು, ಹಾಸಿಗೆ ಹಿಡಿದ ತಾಯಿಯ ಪಕ್ಕ ಮಲಗುವವರು ಎಲೆಯ ಮೇಲಿನ ನೀರಾಗಿ ಇರಲಾರರು. ಇದ್ದರೆ ಕೆಲಸವೂ ಕೆಡುತ್ತದೆ, ಅವರೂ ಬೇಯುತ್ತಾರೆ. ಅವರು ಸುತ್ತು ಸುತ್ತಾಗಿ ಒಳಗಿಳಿದು ಕೂತಿರಬೇಕು. ಹಾಗೆ ಕೂತವರು ಬಿಡುವ ಹೊತ್ತಿಗೆ ಹೇಗೆ ಬಿಟ್ಟಾರು ಎಂಬುದು ಪ್ರಶ್ನೆ. ತಾವರೆ ಎಲೆ ಅದಕ್ಕೆ ಉತ್ತರ ಕೊಡುವುದಿಲ್ಲ. ಗ್ಯಾರೇಜಿನಲ್ಲಿ ಸ್ವಲ್ಪ ಸಿಕ್ಕೀತು.

ಪ್ಲಗ್ಗು ಕಚ್ಚಿಕೊಳ್ಳುವುದಕ್ಕೆ ಕಾರಣಗಳು ಹಲವು, ಕೆಲವು ನಮ್ಮ ಬೆಂಗಳೂರಿನ ಉತ್ತರ ಭಾಗದ ಬದುಕಿಗೇ ಹೇಳಿ ಮಾಡಿಸಿದಂತಿವೆ. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿ ಮುಟ್ಟಿದರೆ ತನ್ನ ಮೇಲಿನ ಮಸಿಯನ್ನು ತಾನೇ ಸುಟ್ಟುಕೊಂಡು ಚೊಕ್ಕಟವಾಗುತ್ತದೆ. ಅದಕ್ಕೂ ಕೆಳಗೆ ಉಳಿದರೆ ಮಸಿ ಕೂರುತ್ತ ಹೋಗುತ್ತದೆ. 800 ಡಿಗ್ರಿಯ ಮೇಲೆ ಹೋದರೆ ಅಕಾಲದ ಬೆಂಕಿಯ ಭಯ. ಹೆಬ್ಬಾಳದ ಮೇಲ್ಸೇತುವೆಯ ಬಾಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ನಿಂತ ಕಾರಿನ ಎಂಜಿನ್ನು ಓಡುತ್ತಿರುತ್ತದೆ, ಪೆಟ್ರೋಲು ಉರಿಯುತ್ತಿರುತ್ತದೆ, ಪ್ಲಗ್ಗಿಗೆ ಮಾತ್ರ ತನ್ನನ್ನು ತೊಳೆದುಕೊಳ್ಳುವಷ್ಟು ಕಾವು ಬರುವುದೇ ಇಲ್ಲ. ಅದೇ ಕಾರು ದೇವನಹಳ್ಳಿಯ ಕಡೆಗೆ ಅರ್ಧ ಗಂಟೆ ಸರಾಗ ಓಡಿದರೆ ಮಸಿ ಉದುರುತ್ತದೆ. ನಮ್ಮ ಎಷ್ಟೋ ಕಾರುಗಳಿಗೆ ಆ ಭಾಗ್ಯವಿಲ್ಲ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಿಂದ ತರಕಾರಿ ಅಂಗಡಿ, ಅಲ್ಲಿಂದ ಮಗಳ ಟ್ಯೂಷನ್ನು, ಅಲ್ಲಿಂದ ಮನೆ. ಕೆಲವು ಎಂಜಿನ್ನುಗಳಲ್ಲಿ ಪ್ಲಗ್ಗಿನ ತುದಿ ಥ್ರೆಡ್ಡನ್ನು ದಾಟಿ ಒಳಕ್ಕೆ ಚಾಚಿರುತ್ತದೆ. ಅಲ್ಲಿ ಗಟ್ಟಿಯಾದ ಮಸಿ, ಪ್ಲಗ್ಗನ್ನು ಹೊರಗೆಳೆಯುವಾಗ ಥ್ರೆಡ್ಡಿನೊಳಗೆ ಸಿಕ್ಕಿಕೊಳ್ಳುತ್ತದೆ. ಅಮೆರಿಕದಲ್ಲಿ ಫೋರ್ಡ್ ಕಂಪನಿಯ 5.4 ಲೀಟರಿನ ಒಂದು ಎಂಜಿನ್ನಿನಲ್ಲಿ, 2004ರಿಂದ 2008ರವರೆಗಿನ ಮಾದರಿಗಳಲ್ಲಿ, ಈ ಮಸಿಯ ಕಾರಣಕ್ಕೆ ಪ್ಲಗ್ಗುಗಳು ಅರ್ಧಕ್ಕೇ ಮುರಿಯುವುದು ಎಷ್ಟು ಸಾಮಾನ್ಯವಾಯಿತೆಂದರೆ, ಹೇಗೆ ತೆಗೆಯಬೇಕು, ಎಷ್ಟು ನೆನೆಸಬೇಕು ಎಂದು ಕಂಪನಿಯೇ ಬಗೆ ಬಗೆಯಾಗಿ ಬರೆದು ಕಳಿಸಬೇಕಾಯಿತು.

ಇನ್ನೊಂದು ಕಾರಣ ನೀರು. ವಾಟರ್ ಸರ್ವಿಸ್ಸಿಗೆ ಬಿಟ್ಟಾಗ ಹುಡುಗರು ಹುಮ್ಮಸ್ಸಿನಿಂದ ಬಾನೆಟ್ಟು ಎತ್ತಿ ಎಂಜಿನ್ನಿಗೂ ಪೈಪು ಹಿಡಿಯುತ್ತಾರೆ. ಪ್ಲಗ್ಗು ಕೂತಿರುವುದು ಆಳದ ಗುಂಡಿಯಲ್ಲಿ. ನೀರು ಅಲ್ಲಿ ನಿಂತು ತುಕ್ಕಾಗುತ್ತದೆ. ಅದರ ಜೊತೆಗೆ ಪ್ಲಗ್ಗಿನ ಮೈ ಉಕ್ಕು, ಹೆಡ್ಡು ಅಲ್ಯೂಮಿನಿಯಮ್ಮು. ಎರಡು ಬೇರೆ ಲೋಹಗಳು ತೇವದಲ್ಲಿ ಒತ್ತಿಕೊಂಡು ಕೂತರೆ ಮೆತ್ತನೆಯದು ನಿಧಾನಕ್ಕೆ ಸವೆಯುತ್ತ ಬಿಳಿ ಪುಡಿಯಾಗಿ ಥ್ರೆಡ್ಡಿನ ಸಂದಿನಲ್ಲೆಲ್ಲ ತುಂಬಿಕೊಳ್ಳುತ್ತದೆ.

ಮೂರನೆಯ ಕಾರಣವೇ ನನ್ನನ್ನು ಹೆಚ್ಚು ಕಾಡಿದ್ದು. ಹಿಂದೊಮ್ಮೆ ಯಾರೋ ಅದನ್ನು ಬೇಕಾದ್ದಕ್ಕಿಂತ ಹೆಚ್ಚು ಬಿಗಿ ಮಾಡಿರುತ್ತಾರೆ.

ಬಿಗಿಗೆ ಲೆಕ್ಕವಿದೆ. ವಾಷರ್ ಇರುವ 14 ಮಿಲಿಮೀಟರಿನ ಹೊಸ ಪ್ಲಗ್ಗಾದರೆ ಬೆರಳಿನಿಂದ ತಿರುಗುವಷ್ಟೂ ತಿರುಗಿಸಬೇಕು. ಬುಡ ಮುಟ್ಟಿದ ಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತು, ಹೆಚ್ಚೆಂದರೆ ಮೂರರಲ್ಲಿ ಎರಡು ಪಾಲು. ವಾಷರು ನಜ್ಜಾಗಿ ಕೂರುವುದಕ್ಕೆ ಅಷ್ಟು ಸಾಕು. ಒಮ್ಮೆ ಬಿಚ್ಚಿ ಅದನ್ನೇ ಮತ್ತೆ ಹಾಕುವುದಾದರೆ ಸುತ್ತಿನ ಹನ್ನೆರಡರಲ್ಲಿ ಒಂದು ಪಾಲು. ವಾಷರ್ ಇಲ್ಲದ, ಬುಡ ಇಳಿಜಾರಾಗಿರುವ ಪ್ಲಗ್ಗಾದರೆ ಹದಿನಾರರಲ್ಲಿ ಒಂದು. ಟಾರ್ಕ್ ರೆಂಚು ಇದ್ದವರಿಗೆ, ವಾಷರ್ ಇರುವ 14 ಮಿಲಿಮೀಟರಿನದಕ್ಕೆ ಅಲ್ಯೂಮಿನಿಯಮ್ ಹೆಡ್ಡಿನಲ್ಲಿ 25ರಿಂದ 30 ನ್ಯೂಟನ್ ಮೀಟರ್. ಇದೇನೂ ಗುಟ್ಟಲ್ಲ, ಪ್ಲಗ್ಗಿನ ಡಬ್ಬಿಯ ಮೇಲೇ ಚಿತ್ರ ಬರೆದು ತೋರಿಸಿರುತ್ತಾರೆ.

ಆದರೂ ಕೈ ಅಲ್ಲಿಗೆ ನಿಲ್ಲುವುದಿಲ್ಲ. ಸಾಕಾಯಿತೋ ಇಲ್ಲವೋ ಎಂಬ ಅನುಮಾನಕ್ಕೆ ಇನ್ನೊಂದಿಷ್ಟು ಹಾಕುತ್ತದೆ. ಬಿಗಿ ಮಾಡುವ ಗಳಿಗೆಯಲ್ಲಿ ಮನಸ್ಸಿನಲ್ಲಿರುವುದು ಒಂದೇ ಭಯ, ಬಿಟ್ಟುಹೋದೀತೆಂದು. ಇದನ್ನು ಮುಂದೆ ಒಬ್ಬರು ತೆಗೆಯಬೇಕಾದೀತು ಎಂಬುದು ಹೊಳೆಯುವುದಿಲ್ಲ. ಆ ತೆಗೆಯುವವರ ಮುಖ ನಮಗೆ ಕಾಣುವುದಿಲ್ಲ, ಅವರು ನಮ್ಮನ್ನು ಬೈಯುವುದೂ ಕೇಳುವುದಿಲ್ಲ. ಹಾಗಾಗಿ ವರ್ಷಗಳ ಮೇಲೆ ಒಬ್ಬ ಮೆಕ್ಯಾನಿಕ್ಕು ಪ್ಲಗ್ಗಿನ ಮೇಲೆ ಸ್ಪ್ಯಾನರ್ ಕೂರಿಸಿ ಬಲ ಹಾಕಿದಾಗ ಅವನು ಸೆಣಸುವುದು ಒಂದು ಲೋಹದ ತುಂಡಿನ ಜೊತೆಗೆ ಮಾತ್ರ ಅಲ್ಲ. ತಾನು ಕಂಡೇ ಇಲ್ಲದ ಒಬ್ಬರ ಕೈ, ಅವರ ಅವತ್ತಿನ ಅನುಮಾನ, ಅವತ್ತಿನ ಅವಸರ ಎಲ್ಲ ಆ ಥ್ರೆಡ್ಡಿನಲ್ಲಿ ಇನ್ನೂ ಬಿಗಿಯಾಗಿ ಕೂತಿರುತ್ತದೆ.

ಇಂಥ ಬಿಗಿ ಕಾಗದದ ಮೇಲೂ ಇರುತ್ತದೆ. ಜಕ್ಕೂರು, ಥಣಿಸಂದ್ರ, ಕೋಗಿಲು ಕಡೆಯ ಹಳೆಯ ಮನೆತನಗಳ ಆಸ್ತಿ ಪತ್ರಗಳನ್ನು ಓದಿದ ವಕೀಲರನ್ನು ಕೇಳಿ. ತಾತ ಬದುಕಿದ್ದಾಗ ಬರೆಸಿದ ಪತ್ರದಲ್ಲಿ ಮಾರಕೂಡದು, ಒಡೆಯಕೂಡದು, ಹಿರಿಯವನ ಒಪ್ಪಿಗೆ ಇಲ್ಲದೆ ಏನೂ ಮಾಡಕೂಡದು ಎಂದು ಷರತ್ತಿನ ಮೇಲೆ ಷರತ್ತು. ಬರೆಸಿದವರಿಗೆ ಮಕ್ಕಳ ಮೇಲೆ ಪ್ರೀತಿ ಇಲ್ಲವೆಂದಲ್ಲ. ಮನೆ ಒಡೆದುಹೋದೀತೆಂಬ ದಿಗಿಲು. 2008ರಲ್ಲಿ ವಿಮಾನ ನಿಲ್ದಾಣ ಬಂದು ಆ ರಾಗಿ ಹೊಲಗಳಿಗೆ ಎಲ್ಲಿಲ್ಲದ ಬೆಲೆ ಬಂದ ಮೇಲೆ, ಅದೇ ಷರತ್ತುಗಳ ಮೇಲೆ ಅಣ್ಣ ತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತಿದರು. ಒಡೆಯದಿರಲಿ ಎಂದು ಹಾಕಿದ ಬಿಗಿಯೇ ಒಡಕಿನ ಜಾಗವಾಯಿತು.

ಪ್ಲಗ್ಗಿಗೆ ಬರೋಣ. ಅದನ್ನು ಆಗಾಗ ಬಿಚ್ಚುತ್ತಿದ್ದ ಕಾಲ ಒಂದಿತ್ತು. 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಊರಿನ ಬಾಯಲ್ಲಿ ಮೈಕೋ, ಬೆಂಗಳೂರಿನ ಆಡುಗೋಡಿಯಲ್ಲಿ ಪ್ಲಗ್ಗು ತಯಾರಿಸುತ್ತಿತ್ತು. 2008ರಲ್ಲಿ ಅದು ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಹಳಬರು ಇವತ್ತಿಗೂ ಅಂಗಡಿಯಲ್ಲಿ ಮೈಕೋ ಪ್ಲಗ್ಗು ಕೊಡಪ್ಪ ಎನ್ನುತ್ತಾರೆ. ಮೈಸೂರಿನಲ್ಲಿ 1961ರಿಂದ ತಯಾರಾದ ಜಾವಾ, ಆಮೇಲಿನ ಯೆಜ್ಡಿ, ಮನೆಮನೆಯ ಚೇತಕ್ ಎಲ್ಲವೂ ಪೆಟ್ರೋಲಿನ ಜೊತೆ ಆಯಿಲ್ ಬೆರೆಸಿ ಕುಡಿಯುವ ಗಾಡಿಗಳು. ಪ್ಲಗ್ಗಿಗೆ ಮಸಿ ಹಿಡಿಯುವುದು ಅವುಗಳ ನಿತ್ಯದ ಪಾಡು. ಡಿಕ್ಕಿಯಲ್ಲಿ ಪ್ಲಗ್ ಸ್ಪ್ಯಾನರ್ ಇಲ್ಲದೆ ಯಾರೂ ದೂರ ಹೊರಡುತ್ತಿರಲಿಲ್ಲ. ಗಾಡಿ ನಿಂತಲ್ಲಿ ಇಳಿದು, ಪ್ಲಗ್ಗು ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ, ಎಂಜಿನ್ನಿನ ಮೈಗೆ ಹಿಡಿದು ಕಿಕ್ ಹೊಡೆದು ಕಿಡಿ ನೋಡಿ, ಒಂದು ಸಲ ಶಾಕನ್ನೂ ಹೊಡೆಸಿಕೊಂಡು ಮತ್ತೆ ಹಾಕುತ್ತಿದ್ದರು. 1983ರ ಕೊನೆಗೆ ಬಂದ ಮಾರುತಿ 800ರ ಮೂರು ಪ್ಲಗ್ಗುಗಳೂ ಕೈಗೆಟುಕುವ ಜಾಗದಲ್ಲೇ ಇದ್ದವು. ಆ ಪ್ಲಗ್ಗುಗಳು ಬೇಗ ಕೆಡುತ್ತಿದ್ದವು. ಕಚ್ಚಿಕೊಳ್ಳುವುದು ಮಾತ್ರ ಕಡಿಮೆ. ಕಚ್ಚಿಕೊಳ್ಳುವಷ್ಟು ಕಾಲ ಯಾರೂ ಅವನ್ನು ಸುಮ್ಮನೆ ಬಿಡುತ್ತಿರಲಿಲ್ಲ.

ಈಗಿನ ಇರಿಡಿಯಮ್ ಪ್ಲಗ್ಗು ಲಕ್ಷ ಕಿಲೋಮೀಟರು ಬಾಳುತ್ತದೆ. ಕಾಯಿಲ್ಲಿನ ಕೆಳಗೆ, ಪ್ಲಾಸ್ಟಿಕ್ ಮುಚ್ಚಳದ ಕೆಳಗೆ, ಗುಂಡಿಯ ಆಳದಲ್ಲಿ ಅದು ಇದೆಯೆಂಬುದೇ ಮಾಲೀಕರಿಗೆ ಮರೆತಿರುತ್ತದೆ. ತಕರಾರಿಲ್ಲದೆ ದುಡಿಯುವುದನ್ನು ಯಾರು ಮುಟ್ಟಿ ನೋಡುತ್ತಾರೆ? ಪ್ಲಗ್ಗು ಎಷ್ಟು ಒಳ್ಳೆಯದೋ ಅಷ್ಟು ವರ್ಷ ಅದನ್ನು ಯಾರೂ ಅಲುಗಿಸುವುದಿಲ್ಲ, ಅಲುಗಿಸದಷ್ಟೂ ಅದು ಕಚ್ಚುತ್ತದೆ. ಇದು ಒಳ್ಳೆಯತನಕ್ಕೆ ಸಿಗುವ ವಿಚಿತ್ರ ಬಹುಮಾನ. ಮನೆಗಳಲ್ಲೂ ಇದನ್ನು ಕಂಡಿದ್ದೇನೆ: ಗೊಣಗುವ ಮಗನ ಜೊತೆ ಅಪ್ಪ ವಾರಕ್ಕೊಮ್ಮೆ ಜಗಳವಾಡಿ ಸರಿಹೋಗುತ್ತಾರೆ, ಏನೂ ಹೇಳದ ಮಗನ ಜೊತೆ ಮಾತೇ ಹೂತುಹೋಗಿರುತ್ತದೆ.

ಗಂಗಾನಗರದ ಕಡೆ ಒಂದು ಸಣ್ಣ ಗ್ಯಾರೇಜು. ನಡೆಸುವವರನ್ನು ಎಲ್ಲರೂ ಭಾಯ್ ಎಂದೇ ಕರೆಯುವುದು. ಅವತ್ತು ಆರ್.ಟಿ. ನಗರದ ನಿವೃತ್ತರೊಬ್ಬರ ಕಾರು ಬಂದಿತ್ತು. ಎಂಜಿನ್ನು ಮಿಸ್ ಹೊಡೆಯುತ್ತಿದೆ ಎಂದು ದೂರು. ನಾಲ್ಕರಲ್ಲಿ ಮೂರು ಪ್ಲಗ್ಗು ಸಲೀಸಾಗಿ ಬಂದವು. ಉಳಿದದ್ದು ಕಾಲು ಸುತ್ತು ತಿರುಗಿ, ಒಣ ಕಿರ್ರೆನ್ನುವ ಸದ್ದು ಮಾಡಿ ನಿಂತಿತು. ಭಾಯ್ ತಕ್ಷಣ ಕೈ ತೆಗೆದರು.

ಕೆಲಸದ ಹುಡುಗ ಮೂಲೆಯಲ್ಲಿದ್ದ ಕಬ್ಬಿಣದ ಪೈಪು ಎತ್ತಿಕೊಂಡ. ಸ್ಪ್ಯಾನರಿನ ಹಿಡಿಗೆ ಅದನ್ನು ಸಿಕ್ಕಿಸಿದರೆ ಹಿಡಿ ಎರಡು ಪಟ್ಟು ಉದ್ದವಾಗುತ್ತದೆ, ಬಲವೂ ಅಷ್ಟೇ ಹೆಚ್ಚುತ್ತದೆ. ಎಲ್ಲ ಗ್ಯಾರೇಜಿನಲ್ಲೂ ಅಂಥದೊಂದು ಪೈಪು ಇರುತ್ತದೆ. ಆಯುಧಪೂಜೆಯ ದಿನ ಅದಕ್ಕೂ ಕುಂಕುಮ ಬೀಳುತ್ತದೆ.

"ಪೈಪ್ ಹಾಕ್ಲಾ ಅಣ್ಣಾ?"

"ಇಟ್ಬಿಡು ಅದನ್ನ. ಬಿಚ್ಚೋದಲ್ಲ, ಮೊದ್ಲು ಸ್ವಲ್ಪ ಟೈಟ್ ಮಾಡು."

ಹುಡುಗ ನಂಬದವನ ಹಾಗೆ ನೋಡಿದ. ಬರಲೊಲ್ಲದ ಪ್ಲಗ್ಗನ್ನು ಅದು ಬಂದಷ್ಟು ಮತ್ತೆ ಒಳಕ್ಕೆ ತಿರುಗಿಸುವುದು ಈ ಕೆಲಸದ ಮೊದಲ ಪಾಠ. ಮುಂದಕ್ಕೆ ಎಳೆದಷ್ಟೂ ಥ್ರೆಡ್ಡಿನಲ್ಲಿ ಕಿತ್ತ ಅಲ್ಯೂಮಿನಿಯಮ್ ಚೂರು ಮುಂದಿನ ಸುತ್ತಿಗೆ ಸಿಕ್ಕಿ, ಅದು ಇನ್ನಷ್ಟು ಕಿತ್ತು, ಕೊನೆಗೆ ಎರಡೂ ಲೋಹ ಒಂದಕ್ಕೊಂದು ಬೆಸೆದಂತಾಗುತ್ತದೆ. ಹಿಂದಕ್ಕೆ ಹೋದರೆ ಚೂರು ಸಡಿಲವಾಗುತ್ತದೆ. ಭಾಯ್ ಮೊದಲು ಗುಂಡಿಗೆ ಗಾಳಿ ಹಿಡಿದು ದೂಳು ಊದಿಸಿದರು, ಅದು ಸಿಲಿಂಡರಿನ ಒಳಕ್ಕೆ ಬೀಳಬಾರದೆಂದು. ಪ್ಲಗ್ಗಿನ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟರು. ಆಮೇಲೆ ಹೋಗಿ ಬೇರೊಂದು ಕಾರಿನ ಬ್ರೇಕು ನೋಡಲು ಕೂತರು.

"ಏನ್ ಭಾಯ್, ಒಂದು ಪ್ಲಗ್ ತೆಗಿಯೋಕೆ ಇಷ್ಟೊತ್ತಾ?" ಎಂದರು ಕಾರಿನವರು.

"ತೆಗಿಯೋದು ಎರಡು ನಿಮಿಷ ಸಾರ್. ಮುರೀದೆ ತೆಗಿಯೋಕೆ ಟೈಮ್ ಬೇಕು."

ಎಣ್ಣೆ ಥ್ರೆಡ್ಡಿನ ಸಂದಿನಲ್ಲಿ ತಾನಾಗಿ ಇಳಿಯಬೇಕು. ಒತ್ತಿ ಇಳಿಸಲು ಬರುವುದಿಲ್ಲ. ರಾತ್ರಿಯಿಡೀ ಬಿಡುವುದೂ ಉಂಟು. ಆ ಹೊತ್ತಿನಲ್ಲಿ ಕೆಲಸ ನಡೆದೇ ಇರುತ್ತದೆ, ಮಾಡುವವರು ಮಾತ್ರ ಕಾಣುವುದಿಲ್ಲ. ಬಿಲ್ಲಿನಲ್ಲಿ ಇದನ್ನು ಬರೆಯುವುದು ಎಲ್ಲಿ? ಪ್ಲಗ್ಗಿನ ಬೆಲೆ, ಲೇಬರು, ಅಷ್ಟೇ ಸಾಲು. ಪೈಪು ಹಾಕಿ ತಿರುಗಿಸಿ ಮುರಿದು, ಹೆಡ್ಡು ಇಳಿಸಿ, ಪೀಣ್ಯದ ಲೇತ್ ಅಂಗಡಿಗೆ ಕಳಿಸಿ ತಂದರೆ ಬಿಲ್ಲು ಉದ್ದವಾಗುತ್ತದೆ, ಒಂದೊಂದು ಸಾಲಿಗೂ ಲೆಕ್ಕ ಸಿಗುತ್ತದೆ, ಮಾಲೀಕರೂ ಗೊಣಗುತ್ತಲೇ ಕೊಡುತ್ತಾರೆ. ಮುರಿಯದಂತೆ ಕಾದ ಹೊತ್ತಿಗೆ ದುಡ್ಡು ಕೇಳಿದರೆ ಮೋಸವೆನಿಸುತ್ತದೆ. ವೈದ್ಯರಿಂದ ಹಿಡಿದು ರಾಜಿ ಪಂಚಾಯ್ತಿದಾರರವರೆಗೆ, ಏನೂ ಆಗದಂತೆ ನೋಡಿಕೊಂಡವರೆಲ್ಲರ ಪಾಡು ಇದೇ ಎಂದು ನನ್ನ ಎಣಿಕೆ.

ಇದೇ ಬಗೆಯ ಒಂದು ಗಳಿಗೆಯನ್ನು ಅಮೆರಿಕದ ರಾಬರ್ಟ್ ಪಿರ್ಸಿಗ್ 1974ರಲ್ಲಿ ಬಂದ, ಝೆನ್ ಮತ್ತು ಮೋಟಾರ್‌ಸೈಕಲ್ ರಿಪೇರಿಯ ಹೆಸರು ಹೊತ್ತ ತನ್ನ ಪುಸ್ತಕದಲ್ಲಿ ಬಹಳ ಆಳವಾಗಿ ನೋಡಿದ್ದಾನೆ. ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿಹೋದ ಮನುಷ್ಯ ಅವನು. ಅವನ ಉದಾಹರಣೆ, ಬೈಕಿನ ಮುಚ್ಚಳದಲ್ಲಿ ಕಚ್ಚಿಕೊಂಡ ಒಂದು ಸ್ಕ್ರೂ. ನಾಲ್ಕು ಕಾಸಿನ ಆ ಸ್ಕ್ರೂ ಬಾರದಿದ್ದರೆ ಬೈಕೇ ಉಪಯೋಗಕ್ಕಿಲ್ಲ, ಆದ್ದರಿಂದ ಆ ಗಳಿಗೆಯಲ್ಲಿ ಸ್ಕ್ರೂವಿನ ಬೆಲೆ ಇಡೀ ಬೈಕಿನ ಬೆಲೆ ಎನ್ನುವುದು ಅವನ ವಾದ. ಹೀಗೆ ದಾರಿ ಕಟ್ಟಿ ನಿಂತ ಜಾಗದಲ್ಲೇ ಮನಸ್ಸು ತನ್ನ ಹಳೆಯ ತಿಳಿವಳಿಕೆಯನ್ನು ಬಿಟ್ಟು ಹೊಸದಾಗಿ ನೋಡಲು ಶುರುಮಾಡುತ್ತದೆ ಎನ್ನುತ್ತಾನೆ.

ಒಪ್ಪಬೇಕಾದ ಮಾತು. ಆದರೆ ಪಿರ್ಸಿಗ್‌ನ ಸ್ಕ್ರೂ ಅವನೊಬ್ಬನದು. ಅವನೂ ಬೈಕೂ ಎದುರುಬದುರು, ನಡುವೆ ಬೇರೆ ಯಾರೂ ಇಲ್ಲ; ಬಿಡಿಸಿಕೊಳ್ಳಬೇಕಾದ್ದು ಅವನ ಮನಸ್ಸಿನ ಗಂಟು. ಗಂಗಾನಗರದ ಪ್ಲಗ್ಗಿನ ಸುತ್ತ ಎಷ್ಟೊಂದು ಜನ! ಹಿಂದೆ ಬಿಗಿ ಮಾಡಿದವರು, ನೀರು ಹೊಡೆದ ಹುಡುಗ, ಲಕ್ಷ ಕಿಲೋಮೀಟರ್ ಎಂದು ಬರೆದ ಕಂಪನಿ, ಅವಸರದ ಮಾಲೀಕರು, ಪೈಪು ಹಿಡಿದ ಶಿಷ್ಯ. ಇಲ್ಲಿ ಒಬ್ಬರು ಝೆನ್ ಗುರುವಿನಂತೆ ಕಣ್ಣು ತೆರೆದರೆ ಸಾಲದು. ಎಲ್ಲರ ಅವಸರವನ್ನೂ ಒಬ್ಬರು ತಮ್ಮ ಮಣಿಕಟ್ಟಿನಲ್ಲಿ ತಡೆದು ಹಿಡಿಯಬೇಕು.

ಆ ಹೊತ್ತಿನಲ್ಲಿ ಉಳಿಸಬೇಕಾದ್ದು ಯಾವುದನ್ನು ಎಂಬುದೂ ಸ್ಪಷ್ಟವಿರಬೇಕು.  ನೋಡುವವರ ಕಣ್ಣೆಲ್ಲ ಪ್ಲಗ್ಗಿನ ಮೇಲೆ. ಅದಾದರೋ ಹೇಗಿದ್ದರೂ ಎಸೆಯುವ ವಸ್ತು. ಅದು ಬರುವಾಗ ಬಿಟ್ಟುಹೋಗುವ ಖಾಲಿ ಜಾಗ, ಆ ಥ್ರೆಡ್ಡು, ಅದೇ ಹೆಡ್ಡಿನ ಜೀವ. ಉಕ್ಕು ಮತ್ತು ಅಲ್ಯೂಮಿನಿಯಮ್ಮಿನ ಜಗಳದಲ್ಲಿ ಸೋಲುವುದು ಯಾವಾಗಲೂ ಹಿಡಿದುಕೊಂಡದ್ದು, ಹಿಡಿಸಿಕೊಂಡದ್ದಲ್ಲ. ಬಿಸಿಯಿದ್ದಾಗ ತೆಗೆಯಬೇಕೋ ತಣ್ಣಗಿದ್ದಾಗಲೋ ಎಂಬ ಹಳೇ ಚರ್ಚೆಯೂ ಇದರ ಮೇಲೇ ನಿಂತಿದೆ. ಒಂದೇ ಕಾವಿಗೆ ಅಲ್ಯೂಮಿನಿಯಮ್ಮು ಉಕ್ಕಿನ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ, ಆದ್ದರಿಂದ ಬಿಸಿಯಲ್ಲಿ ತೂತು ದೊಡ್ಡದಾಗಿ ಪ್ಲಗ್ಗು ಸಲೀಸಾಗಿ ಬರುತ್ತದೆ ಎಂದು ಒಂದು ಪಕ್ಷ. ಬಿಸಿಯಲ್ಲಿ ಅಲ್ಯೂಮಿನಿಯಮ್ಮು ಮೆತ್ತಗೂ ಆಗುತ್ತದೆ, ಥ್ರೆಡ್ಡೇ ಕಿತ್ತು ಬಂದೀತು, ತಣ್ಣಗಾಗುವ ತನಕ ಕಾಯಿರಿ ಎಂದು ಪ್ಲಗ್ ಕಂಪನಿಗಳು. ಭಾಯ್ ನಡುವಿನವರು: ಮೊದಲ ಅಲುಗಾಟ ತಣ್ಣಗೆ, ಅದಕ್ಕೂ ಬಗ್ಗದಿದ್ದರೆ ಕೈ ಇಟ್ಟರೆ ಸುಡದಷ್ಟು ಬೆಚ್ಚಗೆ. ಯಾವ ಪುಸ್ತಕದಲ್ಲೂ ಆ ಅಂಗೈಯ ಅಳತೆ ಬರೆದಿಲ್ಲ.

ಥ್ರೆಡ್ಡು ಹೋದರೂ ದಾರಿಯಿಲ್ಲದಿಲ್ಲ. ತೂತನ್ನು ದೊಡ್ಡದು ಮಾಡಿ ಬುಶ್ ಕೂರಿಸುತ್ತಾರೆ, ಇಲ್ಲವೇ ಹೆಲಿಕಾಯಿಲ್ ಎಂಬ ಉಕ್ಕಿನ ತಂತಿಯ ಸುರುಳಿಯನ್ನು ಸುತ್ತಿ ಇಳಿಸುತ್ತಾರೆ. ಹಾಗೆ ಸರಿಮಾಡಿದ ಥ್ರೆಡ್ಡು ಮೊದಲಿನ ಅಲ್ಯೂಮಿನಿಯಮ್ಮಿಗಿಂತ ಗಟ್ಟಿ. ಇದನ್ನು ಕೇಳಿದೊಡನೆ, ಮುರಿದು ಕೂಡಿದ್ದೇ ಬಲವಾದದ್ದು ಎಂದು ಹೇಳಿ ಸಮಾಧಾನಪಡಲು ನಾಲಿಗೆ ತುರಿಸುತ್ತದೆ. ಮುರಿದದ್ದೆಲ್ಲ ಗಟ್ಟಿಯಾಗಿ ಕೂಡುವುದಿಲ್ಲ. ಕೊರೆಯುವಾಗ ಒಂದು ಲೋಹದ ಚೂರು ಸಿಲಿಂಡರಿಗೆ ಬಿದ್ದರೆ ಒಳಗೋಡೆಯೇ ಗೀರಿಹೋಗುತ್ತದೆ. ಆ ಮಾತನ್ನು ಅಲ್ಲಿಗೇ ಬಿಡುತ್ತೇನೆ.

ಮಧ್ಯಾಹ್ನದ ಊಟದ ನಂತರ ಭಾಯ್ ಮತ್ತೆ ಸ್ಪ್ಯಾನರ್ ಹಿಡಿದರು. ಒಂದಿಷ್ಟು ಹೊರಕ್ಕೆ, ಅದರ ಅರ್ಧ ಒಳಕ್ಕೆ, ಒಂದು ಹನಿ ಎಣ್ಣೆ, ಮತ್ತೆ ಹೊರಕ್ಕೆ. ಒಮ್ಮೆ ಟಕ್ಕೆಂದಿತು. ಎಲ್ಲರೂ ಉಸಿರು ಹಿಡಿದೆವು. ಬಿಟ್ಟುಕೊಟ್ಟ ಪ್ಲಗ್ಗಿನ ಸದ್ದು, ಮುರಿದ ಪ್ಲಗ್ಗಿನ ಸದ್ದು ಎರಡೂ ಕಿವಿಗೆ ಒಂದೇ. ಮರುಗಳಿಗೆ ಕೈಗೆ ಸಿಗುವ ತೂಕದಲ್ಲಿ ಮಾತ್ರ ವ್ಯತ್ಯಾಸ. ಬಿಟ್ಟದ್ದಾದರೆ ಸಣ್ಣ ಎದುರು ಇನ್ನೂ ಇರುತ್ತದೆ, ಮುರಿದದ್ದಾದರೆ ಏನೂ ಇರುವುದಿಲ್ಲ. ಭಾಯ್ ಮುಖ ನೋಡಿಯೇ ನಮಗೆ ತಿಳಿಯಿತು. ಈ ಕೈ ಬಂದದ್ದು ಎಲ್ಲಿಂದ ಎಂದು ಕೇಳಿದೆ. ಶಿವಾಜಿನಗರದ ಉಸ್ತಾದರು ತಮಗೆ ಮೊದಲ ವರ್ಷವೆಲ್ಲ ಬರೀ ಬಿಚ್ಚುವ ಕೆಲಸ ಕೊಡುತ್ತಿದ್ದರು, ಟೈಟ್ ಮಾಡಲು ಬಿಡುತ್ತಿರಲಿಲ್ಲ ಎಂದರು. ಇನ್ನೊಬ್ಬರ ಬಿಗಿಯನ್ನು ವರ್ಷವಿಡೀ ಬಿಡಿಸಿದವರಿಗೆ ತಾವು ಬಿಗಿ ಮಾಡುವಾಗ ಎಲ್ಲಿ ನಿಲ್ಲಿಸಬೇಕೆಂಬುದು ಗೊತ್ತಾಗಿರುತ್ತದೆ. ಆ ಪಾಠಕ್ರಮ ಬರೆದ ಉಸ್ತಾದರು ಯಾರೋ, ಅವರಿಗೆ ನಮಸ್ಕಾರ.

ಜಕ್ಕೂರಿನ ಸರ್ಕಾರಿ ವಿಮಾನ ತರಬೇತಿ ಶಾಲೆಯ ಪುಟ್ಟ ವಿಮಾನಗಳದ್ದು ಬೇರೆಯೇ ಶಿಸ್ತು. ಅಂಥ ಪಿಸ್ಟನ್ ಎಂಜಿನ್ನುಗಳಲ್ಲಿ ಸಿಲಿಂಡರಿಗೆ ಒಂದರ ಬದಲು ಎರಡು ಪ್ಲಗ್ಗು, ಎರಡಕ್ಕೂ ಕಿಡಿಯ ವಿದ್ಯುತ್ತು ಕೊಡುವ ಬೇರೆ ಬೇರೆ ಮ್ಯಾಗ್ನೆಟೋ. ಒಂದು ಕೈಕೊಟ್ಟರೆ ಇನ್ನೊಂದು ಇಳಿಸಿಕೊಂಡು ಬರಲಿ ಎಂದು. ಸಾಮಾನ್ಯವಾಗಿ ನೂರು ಗಂಟೆಯ ಹಾರಾಟಕ್ಕೊಮ್ಮೆ, ಕೆಟ್ಟಿರಲಿ ಬಿಡಲಿ, ಎಲ್ಲವನ್ನೂ ಬಿಚ್ಚಿ, ತೊಳೆದು, ಸಂದಿಯನ್ನು ಅಳೆದು, ಹೊಸ ವಾಷರಿನೊಂದಿಗೆ, ಥ್ರೆಡ್ಡಿಗೆ ಕಚ್ಚದಿರುವ ಲೇಪ ಹಚ್ಚಿ, ಅಳತೆಯ ಬಿಗಿಗೆ ಕೂರಿಸುವುದು ಪದ್ಧತಿ. ಕೈಜಾರಿ ನೆಲಕ್ಕೆ ಬಿದ್ದ ಪ್ಲಗ್ಗನ್ನು, ನೋಡಲು ಎಷ್ಟೇ ಚೆನ್ನಾಗಿದ್ದರೂ, ಮತ್ತೆ ಹಾಕುವುದಿಲ್ಲ. ಕಾರಿನ ಲೋಕದಲ್ಲಿ ಆ ಲೇಪದ ಬಗ್ಗೆಯೇ ಒಮ್ಮತವಿಲ್ಲ. ಜಪಾನಿನ ಎನ್‌ಜಿಕೆ ಕಂಪನಿ, ನಮ್ಮ ಪ್ಲಗ್ಗಿನ ಥ್ರೆಡ್ಡಿಗೆ ಮೊದಲೇ ಲೋಹದ ಲೇಪವಿದೆ, ಮೇಲೊಂದು ಹಚ್ಚಿದರೆ ಜಾರು ಹೆಚ್ಚಿ ನಿಮಗೇ ಗೊತ್ತಿಲ್ಲದೆ ಅತಿಯಾಗಿ ಬಿಗಿ ಮಾಡಿಬಿಡುತ್ತೀರಿ ಎನ್ನುತ್ತದೆ. ಮುಂದೆ ಸುಲಭವಾಗಿ ಬಿಡಲಿ ಎಂದು ಹಚ್ಚಿದ ಲೇಪವೇ ಈಗಿನ ಕೈಗೆ ಮೋಸಮಾಡಬಹುದು. ನನಗೆ ಎರಡೂ ಪಕ್ಷ ಸರಿಯೆನಿಸುತ್ತದೆ.

ಹೊಸ ಪ್ಲಗ್ಗನ್ನು ಭಾಯ್ ಸ್ಪ್ಯಾನರಿನಲ್ಲಿ ಇಳಿಸಲಿಲ್ಲ. ಒಂದು ಗೇಣಿನ ಪೆಟ್ರೋಲ್ ಪೈಪಿನ ರಬ್ಬರು ತುಂಡಿಗೆ ಪ್ಲಗ್ಗಿನ ತಲೆಯನ್ನು ಸಿಕ್ಕಿಸಿ, ಗುಂಡಿಗೆ ಇಳಿಬಿಟ್ಟು, ಮೊದಲು ಹಿಂದಕ್ಕೆ ತಿರುಗಿಸಿದರು. ಥ್ರೆಡ್ಡಿನ ಬಾಯಿ ಸಿಕ್ಕಿ ಟಿಕ್ಕೆಂದು ಇಳಿದ ಮೇಲೆ ಮುಂದಕ್ಕೆ. ಪ್ಲಗ್ಗು ಓರೆಯಾಗಿ ಕೂತರೆ ರಬ್ಬರು ಜಾರಿಬಿಡುತ್ತದೆ. ಬಲವಂತ ಮಾಡೋಣವೆಂದರೂ ಅದಕ್ಕೆ ಆಗದು, ಅದಕ್ಕೆಂದೇ ಅದನ್ನು ಇಟ್ಟುಕೊಂಡಿರುವುದು. ಮೂಲೆಯ ಕಬ್ಬಿಣದ ಪೈಪಿಗೆ ಇಲ್ಲದ ಬುದ್ಧಿ ಈ ರಬ್ಬರಿಗೆ ಇದೆ. ಬುಡ ಮುಟ್ಟಿದ ಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತು. ಹುಡುಗ ಇನ್ನೂ ಸ್ವಲ್ಪ ತಿರುಗಿಸಬೇಕೆನ್ನುವವನ ಹಾಗೆ ಕೈ ಚಾಚಿದ್ದ. ಭಾಯ್ ಸ್ಪ್ಯಾನರನ್ನೇ ತೆಗೆದು ಜೇಬಿಗೆ ಹಾಕಿಕೊಂಡರು.

"ಮತ್ತೆ ಯಾವಾಗ ಬಿಚ್ಚಬೇಕು?" ಎಂದರು ಕಾರಿನವರು.

"ಕಂಪನಿಯೋರು ಲಕ್ಷ ಕಿಲೋಮೀಟರ್ ಅಂತಾರೆ ಸಾರ್. ನೀವು ಎರಡು ವರ್ಷಕ್ಕೊಂದ್ಸಲ ತನ್ನಿ. ಸಡಿಲ ಮಾಡಿ ನೋಡಿ, ಮತ್ತೆ ಹಾಕಿಕೊಡ್ತೀನಿ."

"ಕೆಟ್ಟಿಲ್ದಿದ್ರೂನಾ?"

ಅವರ ಪ್ರಶ್ನೆಯೂ ತಪ್ಪಲ್ಲ. ಪ್ರತಿ ಸಲ ಬಿಚ್ಚಿದಾಗಲೂ ಅಲ್ಯೂಮಿನಿಯಮ್ ಥ್ರೆಡ್ಡು ಒಂದಿಷ್ಟು ಸವೆಯುತ್ತದೆ. ಒಳ್ಳೆಯ ಕೈಗೆ ಸಿಕ್ಕಿದರೆ ಸರಿ, ಪೈಪಿನವರ ಕೈಗೆ ಸಿಕ್ಕಿದರೆ ಬಿಚ್ಚದೆ ಬಿಟ್ಟಿದ್ದರೇ ವಾಸಿಯಿತ್ತು. ಆದರೆ ವರ್ಷಕ್ಕೆ ಮೂರು ಸಾವಿರ ಕಿಲೋಮೀಟರು ಓಡುವ ಆ ಕಾರಿಗೆ ಲಕ್ಷ ತುಂಬಲು 33 ವರ್ಷ ಬೇಕು. ಕಂಪನಿಯ ಲೆಕ್ಕ ಕಿಲೋಮೀಟರಿನದು, ತುಕ್ಕಿನ ಲೆಕ್ಕ ಮಳೆಗಾಲದ್ದು. ಕಾರಿನವರು ಮನಸ್ಸಿನಲ್ಲೇ ಏನೋ ಕೂಡಿ ಕಳೆದು, ಮುಂದಿನ ವರ್ಷ ಇದನ್ನು ದೊಡ್ಡಬಳ್ಳಾಪುರದ ತಂಗಿಯ ಮಗನಿಗೆ ಕೊಡುವ ಯೋಚನೆ ಇದೆ ಎಂದರು. ಭಾಯ್ ಮಾರ್ಕರ್ ಪೆನ್ನು ತೆಗೆದು ಏರ್ ಫಿಲ್ಟರಿನ ಡಬ್ಬಿಯ ಮೇಲೆ ಅವತ್ತಿನ ತಾರೀಖು, ಮೀಟರಿನ ಅಂಕಿ, ಮೂರನೇ ಪ್ಲಗ್ಗು ಹುಷಾರು ಎಂದು ಬರೆದರು.

"ಬರೀ ಸಡಿಲ ಮಾಡಿ ಹಾಕೋಕೆ ಎಷ್ಟು ತಗೋತೀರಿ?"

ಇವತ್ತಿನವರೆಗೂ ಯಾರೂ ಅದಕ್ಕೆಂದೇ ಗಾಡಿ ತಂದಿಲ್ಲ ಸಾರ್, ರೇಟು ಹಾಕಿಲ್ಲ ಎಂದರು ಭಾಯ್.